‘ಬಿತ್ತು’ ಎಂದ ಸುಳ್ಳು

ನಡುಮನೆಯ ಕಪಾಟಿನ ಮೇಲೆ ನಿಮ್ಮ ಅಜ್ಜನ ಫೋಟೊ ಇದೆಯಲ್ಲ, ಅದರಲ್ಲಿ ಅವರ ಗದ್ದಕ್ಕೆ ಎರಡು ಕಡೆ ಬಿಳಿ ಕಾಗದದ ಚೂರು ಅಂಟಿಕೊಂಡಿದೆ. ಹೋದ ಭಾನುವಾರ ನೀವಿಬ್ಬರೂ ಅದನ್ನು ನೋಡಿ ನಕ್ಕಿರಿ.

“ಆಯಿ, ಅಜ್ಜನ ಫೇಸ್ ಮೇಲೆ ಟಾಯ್ಲೆಟ್ ಪೇಪರ್ ಯಾಕಿದೆ? ಸೋ ವಿಯರ್ಡ್!” ಎಂದು ಚಿಕ್ಕವಳು ಕೇಳಿದಳು.

“ಶೇವ್ ಮಾಡ್ವಾಗ ಕಟ್ ಆಗಿರತ್ತೆ, ಅಷ್ಟೂ ಗೊತ್ತಾಗಲ್ವಾ?” ಎಂದ ದೊಡ್ಡವನು. ಆಮೇಲೆ ನನ್ನ ಕಡೆ ತಿರುಗಿ, “ಬಟ್ ಅಜ್ಜ ಇಂಜಿನಿಯರ್ ಅಲ್ವಾ ಆಯಿ? ಒಂದು ಶೇವ್ ಮಾಡ್ಕೊಳ್ಳೋಕ್ ಬರ್ತಿರ್ಲಿಲ್ವಾ?”

“ಕಣ್ಣ ಕಾಣತಿರಲಿಲ್ಲಪ್ಪ” ಎಂದು ಹೇಳಿ ನಾನು ಅಡುಗೆಮನೆಗೆ ಹೋದೆ. ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಪೂರ್ತಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಯುವವರೆಗೂ ಹಾಗೆಯೇ ಇದ್ದೆ. ಮಾಸ್ತರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಪಾಟಿಯ ಮೇಲೆ ಬರೆದು ಮೇಲೆತ್ತಿ ತೋರಿಸುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತಿದ್ದೇನೆ ಎಂದುಕೊಳ್ಳಿ. ನಿಮಗೆ ಕನ್ನಡ ಓದುವುದು ಕಷ್ಟ. ನಿಮ್ಮ ಅಮ್ಮ ಓದಿ ಹೇಳಲಿ. ಅವಳಿಗೂ ಇದು ಗೊತ್ತಿಲ್ಲ.

ನಿಮ್ಮ ಅಜ್ಜ ಇಂಜಿನಿಯರ್ ಅಲ್ಲ, ಲೇತ್ ಕೆಲಸದವರು. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಪುಣೆಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ಈ ಡಚ್ಚರ ನಾಡಿಗೆ, ಬೆಸ್ಟ್ ಎಂಬ ಊರಿನ ಪಕ್ಕದ ಯಂತ್ರದ ಬಿಡಿಭಾಗಗಳ ಕಾರ್ಖಾನೆಗೆ ಬಂದರು. ನಿಮ್ಮ ಅಮ್ಮ ಆಗ ಎರಡನೇ ಇಯತ್ತೆ. ಅವರ ಹೆಬ್ಬೆರಳು ಬೇರೆಯವರ ಹೆಬ್ಬೆರಳಿನಂಥದಲ್ಲ. ಕಡೆದ ಕಬ್ಬಿಣದ ಮೇಲೆ ಅದನ್ನು ಆಡಿಸಿ ಕೂದಲೆಳೆ ಹೆಚ್ಚಿದೆಯೋ ಕಡಿಮೆಯಿದೆಯೋ ಹೇಳುತ್ತಿದ್ದರು. ಆಮೇಲೆ ವರ್ನಿಯರ್ ಹಿಡಿದು ಅಳತೆ ನೋಡಿದರೆ ಅಷ್ಟೇ ಇರುತ್ತಿತ್ತು. ಅಡುಗೆಮನೆಯಲ್ಲಿ ನಾನು ಮಾಡಿದ ಚಪಾತಿಯನ್ನೂ ಹಾಗೆ ಮುಟ್ಟಿ ನೋಡಿ, “ಈ ಬಾಜೂ ದಪ್ಪ ಆಗೇತಿ, ಲೇತಿಗೆ ಹಚ್ಚಿ ಕೊಡ್ಲೇನು?” ಎನ್ನುತ್ತಿದ್ದರು.

ಕಾರ್ಖಾನೆಯ ಜೊತೆಗಾರನೊಬ್ಬ ಅವರನ್ನು ಪಿಸ್ತೂಲು ಕ್ಲಬ್ಬಿಗೆ ಕರೆದುಕೊಂಡು ಹೋದ. ನನಗೆ ಹೆದರಿಕೆಯಾಯಿತು. ಆದರೆ ಅವರ ಮನಸ್ಸು ಹೊಡೆಯುವುದರಲ್ಲಿ ಅಷ್ಟಿರಲಿಲ್ಲ, ತೋಟಾ ಮಾಡುವುದರಲ್ಲಿತ್ತು. ಒಮ್ಮೆ ಹೊಡೆದ ತೋಟಾದ ಹಿತ್ತಾಳೆ ಕೊಳವೆಯನ್ನು ಎತ್ತಿಕೊಂಡು ತಂದು, ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಮೇಲೆ ಸೀಸದ ಗುಂಡು ಕೂರಿಸಿದರೆ ಮತ್ತೆ ತೋಟಾ. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ಯುವುದೂ ಅವರೇ. ಇಲ್ಲಿಯ ಹಳೆಯ ಮನೆಗಳಲ್ಲಿ ಚಿಮಣಿಯ ಬುಡಕ್ಕೆ ಸೀಸದ ಹಾಳೆ ಬಡಿದಿರುತ್ತಾರಲ್ಲ, ಛಾವಣಿ ರಿಪೇರಿಯಾದಾಗ ಅದನ್ನು ಕಿತ್ತು ಹಾಕುತ್ತಾರೆ. ಕ್ಲಬ್ಬಿನಲ್ಲಿ ಛಾವಣಿ ಕೆಲಸ ಮಾಡುತ್ತಿದ್ದ ಡಚ್ಚಿನವನೊಬ್ಬ ಇದ್ದ. ದೊಡ್ಡ ಹೊಟ್ಟೆ, ದೊಡ್ಡ ಧ್ವನಿ. ಅವನೇ ಆ ಹಾಳೆಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದು ಕೊಡುತ್ತಿದ್ದ.

ಇದಕ್ಕೆಲ್ಲ ಪೊಲೀಸರ ಪರ್ಮಿಟ್ ಬೇಕು. ಪರ್ಮಿಟ್ ಇದ್ದದ್ದು ಅಜ್ಜನ ಹೆಸರಿನಲ್ಲಿ ಮಾತ್ರ. ಪಿಸ್ತೂಲು ಇಡುವ ಕಬ್ಬಿಣದ ಪೆಟ್ಟಿಗೆಗೆ ಬೀಗ ಸರಿಯಾಗಿದೆಯೇ ಎಂದು ಆಗಾಗ ಒಬ್ಬರು ಬಂದು ನೋಡಿ ಹೋಗುತ್ತಿದ್ದರು. ನಾನು ಕಾಫಿ ಕೊಟ್ಟು ಒಳಗೆ ನಿಂತಿರುತ್ತಿದ್ದೆ. ತೋಟಾ ಮಾಡುವ ಯಂತ್ರವನ್ನು ನಾನು ಮುಟ್ಟುವ ಹಾಗಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಮರೆಯದೆ ಓದಿ.

ಹಿತ್ತಲಿನ ಸ್ಖೂರ್‌ನಲ್ಲಿ, ಆ ಸಣ್ಣ ಕೊಟ್ಟಿಗೆಯಲ್ಲಿ, ನಿಮ್ಮ ಸೈಕಲ್‌ಗಳು ಈಗ ನಿಲ್ಲುವ ಜಾಗದಲ್ಲಿ, ಅವರ ಮೇಜು ಇತ್ತು. ಮೇಜಿಗೆ ಬಿಗಿದ ಒಂದು ಪ್ರೆಸ್ಸು. ಅದರ ಹಿಡಿಕೆ ಎಳೆದರೆ ಮೇಲಿನ ಡೈ ಗುಂಡನ್ನು ಹಿತ್ತಾಳೆಯ ಬಾಯೊಳಗೆ ಒತ್ತುತ್ತದೆ. ಎಷ್ಟು ಆಳಕ್ಕೆ ಒತ್ತಬೇಕು ಎಂಬುದನ್ನು ಡೈಯ ತಲೆಯ ಮೇಲಿನ ಒಂದು ಸ್ಕ್ರೂ ಹೇಳುತ್ತದೆ. ಎಲ್ಲ ಇರುವುದು ಆ ಸ್ಕ್ರೂನಲ್ಲಿ. ಗುಂಡು ಸ್ವಲ್ಪ ಮೇಲೆ ನಿಂತರೆ ತೋಟಾ ಪಿಸ್ತೂಲಿನ ನಳಿಗೆಯೊಳಗೆ ಪೂರ್ತಿ ಹೋಗುವುದಿಲ್ಲ, ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೀರಾ ಕೆಳಗೆ ಹೋದರೆ ಒಳಗಿನ ಮದ್ದಿಗೆ ಜಾಗ ಸಾಲುವುದಿಲ್ಲ. ಆಗ ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

“ದೊಡ್ಡ ಖೋಲ್ಯಾಗ ಒಬ್ಬಾವ ಸಿಟ್ಟಿಗೆದ್ರ ಬಾಗಲಾ ತಗದು ಹೊರಗ ಹೋಗ್ತಾನ” ಎಂದಿದ್ದರು ಅಜ್ಜ. “ಸಣ್ಣ ಖೋಲ್ಯಾಗ ಸಿಟ್ಟಿಗೆದ್ರ ಗ್ವಾಡಿ ಒದಿತಾನ.”

“ನಿಮ್ಮಂಗ” ಎಂದೆ.

“ಹೂಂ, ನನ್ನಂಗ. ಅದಕ ನಮ್ಮನಿ ಗ್ವಾಡಿ ನೋಡು, ಎಷ್ಟ ಹೆದರೇತಿ” ಎಂದು ನಕ್ಕಿದ್ದರು.

ಅವರ ಜೊತೆ ನನಗೂ ಒಂದು ಕೆಲಸವಿತ್ತು. ಸ್ಕ್ರೂ ಹೊಂದಿಸಿ, ಮದ್ದೂ ಕೇಪೂ ಇಲ್ಲದ ಒಂದು ಖಾಲಿ ತೋಟಾವನ್ನು ಮೊದಲು ಮಾಡುತ್ತಿದ್ದರು. ಪಿಸ್ತೂಲಿನಿಂದ ಬಿಚ್ಚಿದ ನಳಿಗೆಯನ್ನು ಬಟ್ಟೆಯಲ್ಲಿ ಹಿಡಿದು ನಾನು ಮೇಜಿನ ಆ ತುದಿಯಲ್ಲಿ ಕೂತಿರುತ್ತಿದ್ದೆ. ತೋಟಾವನ್ನು ನಳಿಗೆಯೊಳಗೆ ಬಿಡಬೇಕು. ಆಳ ಸರಿಯಾಗಿದ್ದರೆ ಅದು ತಾನೇ ಇಳಿದು ‘ಟಕ್’ ಎನ್ನುತ್ತದೆ, ನಳಿಗೆ ಬೋರಲು ಹಾಕಿದರೆ ತಾನೇ ಹೊರಗೆ ಬೀಳುತ್ತದೆ. ಸರಿಯಿಲ್ಲದಿದ್ದರೆ ಸದ್ದು ಮಂದವಾಗಿರುತ್ತದೆ, ತೋಟಾ ಅಲ್ಲೇ ಕಚ್ಚಿಕೊಳ್ಳುತ್ತದೆ. ಆ ಸದ್ದು ನನಗೆ ಬೇಗ ಹಿಡಿಯಿತು.

“ಬಿತ್ತೇನು?” ಎಂದು ಅವರು ಕೇಳುವುದು, “ಬಿತ್ರಿ” ಅಥವಾ “ನಿಂತೈತ್ರಿ” ಎಂದು ನಾನು ಹೇಳುವುದು. ನಿಂತಿದೆ ಎಂದರೆ ಅವರು ಸ್ಕ್ರೂ ಒಂದಿಷ್ಟು ತಿರುವುತ್ತಿದ್ದರು. ಎಷ್ಟೋ ವರ್ಷ ನಮ್ಮ ಮಂಗಳವಾರಗಳು ಹೀಗೆ ಕಳೆದವು. ಛಾವಣಿಯವನಿಗೆ ಅಜ್ಜ ಇದನ್ನು ಹೇಳಿಬಿಟ್ಟಿದ್ದರು. ಕ್ಲಬ್ಬಿನ ಕ್ಯಾಂಟೀನಿನಲ್ಲಿ ನಾನು ಸಿಕ್ಕಾಗಲೆಲ್ಲ ಅವನು ತನ್ನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ನನಗೆ ತಲೆಬಾಗುತ್ತಿದ್ದ. ನಾನು ನಾಚಿ ಕಾಫಿ ಬಟ್ಟಲು ನೋಡುತ್ತಿದ್ದೆ. ಆದರೆ ಒಳಗೆ ಖುಷಿಯಾಗುತ್ತಿತ್ತು. ಈ ದೇಶದಲ್ಲಿ ನನ್ನನ್ನು ಯಾವುದಕ್ಕಾದರೂ ಗುರುತಿಸಿದವನು ಅವನೊಬ್ಬನೇ.

ಅಜ್ಜನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ನಿವೃತ್ತಿಯಾದ ಮೇಲೆ ಅದು ಕಣ್ಣಿಗೆ ಇಳಿಯಿತು. ದೂರದ್ದು ಕಾಣುತ್ತಿತ್ತು, ಹತ್ತಿರದ ಸಣ್ಣ ಗೆರೆಗಳು ಒಂದಕ್ಕೊಂದು ಬೆರೆತು ಹೋಗುತ್ತಿದ್ದವು. ಪಿಸ್ತೂಲಿನ ಮೇಲೆ ಕೆಂಪು ಚುಕ್ಕೆ ತೋರುವ ಗಾಜು ಕೂರಿಸಿಕೊಂಡಿದ್ದರಿಂದ ಗುರಿ ಹಿಡಿಯಲು ತೊಂದರೆಯಿರಲಿಲ್ಲ. ಮದ್ದು ತೂಗುವ ತಕ್ಕಡಿಗೆ ದೊಡ್ಡ ಅಂಕಿಗಳಿದ್ದವು. ವರ್ನಿಯರ್ ಗೆರೆಗಳನ್ನು ಮಾತ್ರ ಓದಲಾಗುತ್ತಿರಲಿಲ್ಲ. ಅಂಕಿ ತೋರಿಸುವ ಹೊಸ ವರ್ನಿಯರ್ ತಂದುಕೊಡುತ್ತೇನೆ ಎಂದು ನಿಮ್ಮ ಅಮ್ಮ ಹೇಳಿದಾಗ, “ಅದು ಕಿರಾಣಿ ಅಂಗಡ್ಯಾವ್ರಿಗೆ” ಎಂದುಬಿಟ್ಟರು. ಕಣ್ಣಿನ ಡಾಕ್ಟರ ಹತ್ತಿರ ಹೋಗಲೊಲ್ಲರು. ಅವರು ಏನಾದರೂ ಬರೆದರೆ ಪರ್ಮಿಟ್ ಹೋಗುತ್ತದೆ ಎಂಬ ಭಯ. ಕಾರ್ಖಾನೆ ಬಿಟ್ಟ ಮೇಲೆ ಅವರನ್ನು ಕೈಕುಲುಕಿ ಮಾತನಾಡಿಸುವವರು ಇದ್ದದ್ದು ಆ ಕ್ಲಬ್ಬಿನಲ್ಲಿ ಮಾತ್ರ, ಅದೂ ಗುರುವಾರ ಬೆಳಿಗ್ಗೆ.

ಆ ವರ್ಷದ ಖಂಡೆಪೂಜೆಗೆ ನಾನು ಎಂದಿನಂತೆ ಸ್ಖೂರ್‌ನ ಉಪಕರಣಗಳನ್ನೆಲ್ಲ ಒರೆಸಿ, ಎಣ್ಣೆ ಕೈ ಆಡಿಸಿ, ಕುಂಕುಮ ಹಚ್ಚಿ, ಅಂಗಡಿಯಿಂದ ತಂದ ಹಳದಿ ಹೂವು ಇಟ್ಟೆ. ಒರೆಸುವಾಗ ಸ್ಕ್ರೂ ತಿರುಗಿಹೋಗಿತ್ತು. ಅದರಲ್ಲಿ ಹೊಸದೇನಿಲ್ಲ, ಪ್ರತಿ ವರ್ಷವೂ ಹಾಗಾಗುತ್ತಿತ್ತು, ಮುಂದಿನ ಮಂಗಳವಾರ ಅವರು ಹತ್ತು ನಿಮಿಷದಲ್ಲಿ ಹೊಂದಿಸಿಕೊಳ್ಳುತ್ತಿದ್ದರು.

ಆ ಮಂಗಳವಾರ ಅವರಿಗೆ ಆಗಲಿಲ್ಲ.

“ಬಿತ್ತೇನು?”

“ನಿಂತೈತ್ರಿ.”

ತಿರುವಿದರು. “ಈಗ?”

“ಇನ್ನೂ ನಿಂತೈತಿ.”

“ಸರೀ ಬಿಟ್ಟಿ ಏನು ಅದನ್ನ?”

“ಬಿಟ್ಟೀನ್ರಿ.”

ಎಂಟು ಸಲ ಹಾಗಾಯಿತು. ವರ್ನಿಯರ್ ಅನ್ನು ದೀಪಕ್ಕೆ ಹಿಡಿಯುತ್ತಾರೆ, ಕನ್ನಡಕ ಹಣೆಗೆ ಏರಿಸುತ್ತಾರೆ, ಮತ್ತೆ ಇಳಿಸುತ್ತಾರೆ. ಒಂಬತ್ತನೇ ಸಲ ನಾನು “ನಿಂತೈತಿ” ಎಂದಾಗ ವರ್ನಿಯರ್ ಅನ್ನು ಗೋಡೆಗೆ ಎಸೆದರು. ಹುಬ್ಬಳ್ಳಿಯಲ್ಲಿ ಕೆಲಸ ಕಲಿಸಿದವರು ಕೊಟ್ಟಿದ್ದ ವರ್ನಿಯರ್ ಅದು. ಆಮೇಲೆ ಅವರೇ ಎದ್ದು, ಸೈಕಲ್ಲಿನ ಗಾಲಿಗಳ ನಡುವೆ ಮೊಣಕಾಲೂರಿ ತಡಕಾಡಿ, ಅದನ್ನು ಹುಡುಕಿ ತೆಗೆದು, ಅದರ ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ಸಂದು ಸರಿಯಿದೆಯೇ ನೋಡಿದರು. ಅವರ ಕತ್ತು ಕೆಂಪಾಗಿತ್ತು. ನಾನು ಇದ್ದೇನೆ ಎಂಬುದೇ ಅವರಿಗೆ ನಾಚಿಕೆಯಾಗಿತ್ತು.

ಮತ್ತೆ ಕೂತು ಇನ್ನೊಂದು ಮಾಡಿದರು. “ಬಿತ್ತೇನು?”

ಸದ್ದು ಮಂದವಾಗಿಯೇ ಇತ್ತು. ನಾನು “ಬಿತ್ರಿ” ಎಂದೆ.

“ಆತು ಹಂಗಾರ. ಚಾ ಕುಡದು ಬರ್ತೀನಿ” ಎಂದು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಂಡ ಮೇಲೆ ನಾನು ಅವರ ಸ್ಟೂಲಿನ ಮೇಲೆ ಕೂತು ಸ್ಕ್ರೂ ತಿರುವಿದೆ. ಒಂದು ಖಾಲಿ ತೋಟಾ, ಇನ್ನೊಂದು. ಮೂರನೆಯದು ‘ಟಕ್’ ಎಂದಿತು. ಅವರು ಬರುವುದರೊಳಗೆ ನನ್ನ ಜಾಗಕ್ಕೆ ಹೋಗಿ ಕೂತೆ.

ಒಂದೇ ಸಲ ಎಂದುಕೊಂಡಿದ್ದೆ. ಚಳಿಗಾಲ ಪೂರ್ತಿ ಹಾಗೆಯೇ ನಡೆಯಿತು. ಪ್ರತಿ ಮಂಗಳವಾರ ಅವರು ಹೊಂದಿಸುವರು, ನಾನು “ಬಿತ್ರಿ” ಎನ್ನುವೆ, ಅವರು ಚಹಾಕ್ಕೆ ಹೋಗುವರು, ನಾನು ಸರಿ ಮಾಡುವೆ. ಬೇಕೆಂದೇ ಚಹಾ ಒಲೆಯ ಮೇಲೆ ಇಟ್ಟು ಬರುತ್ತಿದ್ದೆ. ಅವರು ಗೆಲುವಾದರು. ಒಂದು ಗುರುವಾರ ಗುರಿಯ ಕಾರ್ಡನ್ನು ತಂದು ಫ್ರಿಜ್ಜಿಗೆ ಅಂಟಿಸಿದರು, ಹತ್ತು ತೂತುಗಳೂ ಒಂದು ಅಂಗೈ ಅಗಲದೊಳಗೆ ಇದ್ದವು. ನಿಮ್ಮ ಅಮ್ಮನಿಗೆ ಫೋನ್ ಮಾಡಿ ಹೇಳಿದರು. ನನಗೆ ಹೆಮ್ಮೆಯಾಯಿತು ಎಂದು ಬರೆಯಲು ಈಗ ನಾಚಿಕೆ, ಆದರೆ ಆಗಿತ್ತು. ಅವರ ಬಗ್ಗೆ ಅಷ್ಟೇ ಅಲ್ಲ, ನನ್ನ ಬಗ್ಗೆಯೂ.

ಚಳಿ ಕಡಿಮೆಯಾಗುವ ಹೊತ್ತಿಗೆ ಛಾವಣಿಯವನು ಶೂಟಿಂಗ್ ಬಿಟ್ಟ. ಅವನ ಕೈ ನಡುಗಲು ಶುರುವಾಗಿತ್ತು. ಮನೆಗೆ ಬಂದು ತನ್ನ ಗುಂಡಿನ ಅಚ್ಚನ್ನು ಅಜ್ಜನಿಗೆ ಕೊಟ್ಟ. ತೋಟಾ ಎಷ್ಟು ಉದ್ದವಾಗುವಂತೆ ತಾನು ಆ ಗುಂಡು ಕೂರಿಸುತ್ತಿದ್ದ ಎಂದು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯನ್ನೂ ಬರೆದಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಕಿವಿ ಹಿಡಿದುಕೊಂಡ.

ನಮ್ಮ ಹಳೆಯ ಗುಂಡಿನ ಮೂಗು ದುಂಡಗಿತ್ತು. ಇದರದು ಚಪ್ಪಟೆ, ಹೆಗಲು ಅಗಲ. ಅಜ್ಜ ಸಂಭ್ರಮದಿಂದ ಒಂದು ತಟ್ಟೆ ಗುಂಡು ಹೊಯ್ದರು. ಚೀಟಿಯಲ್ಲಿದ್ದ ಉದ್ದಕ್ಕೆ ಎಷ್ಟು ಮದ್ದು ಎಂದು ಪುಸ್ತಕ ನೋಡಿ ನನ್ನ ಕೈಯಲ್ಲೇ ಎರಡು ಸಲ ಓದಿಸಿ ಲೆಕ್ಕ ಹಾಕಿದರು. ಆ ಮಂಗಳವಾರ ಭೂತಗನ್ನಡಿ ಹಿಡಿದು ಬಹಳ ಹೊತ್ತು ಸ್ಕ್ರೂ ಹೊಂದಿಸಿದರು. ಖಾಲಿ ತೋಟಾ ಕೈಗೆ ಬಂತು. ನಳಿಗೆಯೊಳಗೆ ಬಿಟ್ಟೆ. ಅರ್ಧದಲ್ಲೇ ನಿಂತಿತು.

“ಬಿತ್ತೇನು?”

“ಬಿತ್ರಿ.”

“ಮೊದಲನೇ ಸಲಕ್ಕ? ಹೊಸಾ ಗುಂಡು, ಮೊದಲನೇ ಸಲಕ್ಕ ಬಿತ್ತು?” ಅವರ ಮುಖ ಅರಳಿತು. “ನನ್ನ ಕೈ ಇನ್ನೂ ಸತ್ತಿಲ್ಲ ನೋಡು.”

ಅವರು ಚಹಾಕ್ಕೆ ಹೋದರು. ನಾನು ಸ್ಕ್ರೂ ಕಾಲು ಸುತ್ತು ಕೆಳಗೆ ತಿರುವಿದೆ. ಬೀಳಲಿಲ್ಲ. ಇನ್ನೂ ಕಾಲು ಸುತ್ತು. ಇಲ್ಲ. ಎಂದೂ ಅಷ್ಟು ತಿರುವಬೇಕಾಗಿರಲಿಲ್ಲ. ಇಂದು ಕಣ್ಣು ತೀರಾ ಮೋಸ ಮಾಡಿದೆ ಎಂದುಕೊಂಡೆ. ಮುಕ್ಕಾಲು ಸುತ್ತಿಗೆ ‘ಟಕ್’ ಎಂದಿತು. ನನಗೆ ಸಮಾಧಾನವಾಯಿತು.

ಅವರ ಕಣ್ಣು ಅಂದು ಮೋಸ ಮಾಡಿರಲಿಲ್ಲ. ಚೀಟಿಯಲ್ಲಿದ್ದಷ್ಟೇ ಉದ್ದಕ್ಕೆ ಅವರು ಸರಿಯಾಗಿ ಕೂರಿಸಿದ್ದರು. ಛಾವಣಿಯವನ ಪಿಸ್ತೂಲಿನ ನಳಿಗೆ ಬೇರೆ, ನಮ್ಮದು ಬೇರೆ. ಆ ಅಗಲ ಹೆಗಲು ನಮ್ಮ ನಳಿಗೆಯ ಕತ್ತಿಗೆ ತಾಗುತ್ತಿತ್ತು, ಅಷ್ಟೇ. ನಾನು “ನಿಂತೈತ್ರಿ” ಎಂದಿದ್ದರೆ ಅವರಿಗೆ ಎಲ್ಲ ತಿಳಿಯುತ್ತಿತ್ತು. ಗುಂಡು ಇನ್ನೂ ಕೆಳಗೆ ಹೋಗಬೇಕು, ಕೆಳಗೆ ಹೋದರೆ ಜಾಗ ಕಡಿಮೆಯಾಗುತ್ತದೆ, ಮದ್ದನ್ನೂ ಕಡಿಮೆ ಮಾಡಬೇಕು. ಲೇತಿನ ಮುಂದೆ ಜೀವ ಸವೆಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಕೆಟ್ಟ ಸದ್ದು ಅವರಿಗೆ ಬಂದ ಎಚ್ಚರಿಕೆಯಾಗಿತ್ತು. ನಾನು ಅದನ್ನು ಅವರವರೆಗೆ ಮುಟ್ಟಲು ಬಿಡಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅವರು ಬಂದು, ಲೆಕ್ಕ ಹಾಕಿದಷ್ಟು ಮದ್ದು ತುಂಬಿ, ಒಂದೊಂದೇ ಕೂರಿಸತೊಡಗಿದರು. ನಡುವೆ ಒಂದನ್ನು ಎತ್ತಿ ಹೆಬ್ಬೆರಳು ಆಡಿಸಿದರು. ಮತ್ತೆ ಆಡಿಸಿದರು.

“ಇದು ಗಿಡ್ಡ ಅನಸ್ತದಲ್ಲ?”

“ಮೂಗು ಚಪ್ಪಟಿ ಐತಲ್ರೀ, ಅದಕ” ಎಂದೆ.

“ಹೌದಲ್ಲ” ಎಂದು ಅದನ್ನು ಡಬ್ಬಿಗೆ ಹಾಕಿದರು.

ಗುರುವಾರ ನಾನು ಕ್ಯಾಂಟೀನಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದೆ. ದಪ್ಪ ಗಾಜಿನಾಚೆ ಹೊಡೆಯುವ ಸದ್ದು ಒಂದೇ ತೂಕದಲ್ಲಿ ಕೇಳುತ್ತಿರುತ್ತದೆ, ಕೇಳಿ ಕೇಳಿ ಮರೆತುಹೋಗುತ್ತದೆ. ನಡುವೆ ಒಂದು ಬೇರೆಯಾಗಿ ಬಂತು. ಜೋರೂ ಅಲ್ಲ, ಸೀಳಿದಂತೆ. ಬಟ್ಟಲು ಕೆಳಗಿಡುವ ಮೊದಲೇ ನನಗೆ ಗೊತ್ತಾಗಿತ್ತು.

ತೋಟಾ ಒಳಗೇ ಸಿಡಿದು ಪಿಸ್ತೂಲಿನ ಹಿಡಿಕೆ ಎರಡು ಹೋಳಾಗಿತ್ತು. ಅಜ್ಜನ ಬಲಗೈಯ ಹೆಬ್ಬೆರಳಿನ ಬುಡ ಹರಿದಿತ್ತು, ಅಂಗೈ ಸುಟ್ಟಿತ್ತು. ಹಿತ್ತಾಳೆಯ ಒಂದು ಚೂರು ಪಕ್ಕದ ಸಾಲಿನ ಹುಡುಗಿಯ ಕನ್ನಡಕಕ್ಕೆ ಬಡಿದು ಗಾಜಿನಲ್ಲಿ ನೆಟ್ಟುಕೊಂಡಿತ್ತು. ಕನ್ನಡಕ ಇಲ್ಲದಿದ್ದರೆ ಎಂದು ನಾನು ಇಂದಿಗೂ ಯೋಚಿಸುತ್ತೇನೆ. ಅವಳು ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಅಳದೆ ನಿಂತಿದ್ದಳು. ಅಜ್ಜ ತಮ್ಮ ಕೈಗೆ ಟವೆಲ್ ಸುತ್ತುತ್ತಿದ್ದವರನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಕ್ಲಬ್ಬಿನ ಹಿರಿಯನು ಡಚ್‌ನಲ್ಲಿ ಕೇಳಿದ, ಈ ತೋಟಾ ಯಾರು ಮಾಡಿದ್ದು ಎಂದು.

“ಇಕ್” ಎಂದರು ಅಜ್ಜ, ಡಚ್‌ನಲ್ಲಿ ‘ನಾನು’ ಎಂದು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ.

ಕೈಗೆ ಹೊಲಿಗೆ ಹಾಕಿದರು. ಪೊಲೀಸರು ಬಂದು ಪಿಸ್ತೂಲು, ತೋಟಾ, ಮದ್ದು ತೆಗೆದುಕೊಂಡು ಹೋದರು. ವಿಚಾರಣೆ ಮುಗಿಯುವವರೆಗೂ ಕಾಯದೆ ಅಜ್ಜ ತಾವೇ ಪರ್ಮಿಟ್ ಮರಳಿಸಿದರು. ಕ್ಲಬ್ಬಿನವರು ಎರಡು ಸಲ ಫೋನ್ ಮಾಡಿದರು, ಇವರು ಎತ್ತಲಿಲ್ಲ. ಫ್ರಿಜ್ಜಿನ ಮೇಲಿನ ಕಾರ್ಡು ಒಂದು ದಿನ ಕಸದ ಬುಟ್ಟಿಯಲ್ಲಿತ್ತು.

ಗಾಯ ಮಾಯಿತು. ಬೆರಳುಗಳು ಮಡಚುತ್ತಿದ್ದವು. ಆದರೆ ಅವರು ಆ ಕೈಯಿಂದ ಏನನ್ನೂ ಮಾಡಲಿಲ್ಲ. ನಲ್ಲಿ ಸೋರುತ್ತಿದ್ದರೆ ಸೋರಲು ಬಿಟ್ಟರು. ಕಿತ್ತಳೆ ಸುಲಿಯಲಿಲ್ಲ. ಅಂಗಿಯ ಗುಂಡಿಗೂ ನನ್ನನ್ನು ಕರೆದರು. ದಿನ ಬಿಟ್ಟು ದಿನ ನಾನೇ ಗಡ್ಡ ಕೆರೆಯುತ್ತಿದ್ದೆ. ನಿಮ್ಮ ಅಮ್ಮ ಬಂದಾಗಲೆಲ್ಲ, “ಅಪ್ಪಾ, ಹೌಸಾರ್ಟ್ಸ್ ಡಾಕ್ಟರ್ ಹತ್ರ ಒಂದ್ಸಲ ಹೋಗ್ಬರೋಣ. ಇದು ಡಿಪ್ರೆಶನ್. ಕೈಗೇನೂ ಆಗಿಲ್ಲ, ಎಕ್ಸ್‌ರೇ ನಾರ್ಮಲ್ ಇದೆ” ಎನ್ನುತ್ತಿದ್ದಳು.

“ಎಕ್ಸ್‌ರೇದಾಗ ಅದು ಕಾಣೂದಿಲ್ಲವ್ವಾ” ಎಂದರು ಒಮ್ಮೆ. “ಕೈ ಸುಳ್ಳ ಹೇಳ್ತು. ಆ ಹುಡುಗೀ ಕಣ್ಣ ಹೋಗತಿತ್ತು.”

ಕೈ ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ್ದೆ. ಅದನ್ನು ಒಪ್ಪಿಕೊಂಡರೆ ಅವರ ಕೈ ಅವರಿಗೆ ವಾಪಸ್ ಸಿಗುತ್ತಿತ್ತು. ಆದರೆ ಆ ಚಳಿಗಾಲದ ಎಲ್ಲ ಮಂಗಳವಾರಗಳೂ ಫ್ರಿಜ್ಜಿನ ಮೇಲಿದ್ದ ಕಾರ್ಡೂ ಸುಳ್ಳಾಗುತ್ತಿದ್ದವು. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯಬೇಕಿತ್ತು. ಹೇಳದೇ ಇರುವುದೇ ಒಳ್ಳೆಯದು ಎಂದು ಐದು ತಿಂಗಳು ಅಂದುಕೊಂಡೆ. ಅದು ಅವರ ಮೇಲಿನ ಕರುಣೆಯೋ ನನ್ನ ಹೆದರಿಕೆಯೋ, ಈಗಲೂ ಹೇಳಲಾರೆ.

ಒಂದು ಬೆಳಿಗ್ಗೆ ಅವರ ಗದ್ದಕ್ಕೆ ಸೋಪು ಹಚ್ಚಿ ಬ್ಲೇಡು ಹಿಡಿದಿದ್ದೆ. ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು. ಆ ಅಂಗೈ ನೋಡಿ ನನಗೆ ತಡೆಯಲಾಗಲಿಲ್ಲ.

“ಒಂದ ಮಾತ ಹೇಳ್ಬೇಕಿತ್ರಿ” ಎಂದೆ. “ಅವತ್ತ ಆ ಗುಂಡು ಬಿದ್ದಿರಲಿಲ್ಲ. ನಿಂತಿತ್ತು. ನಾ ಸುಳ್ಳ ಹೇಳಿದ್ದೆ.”

ಕಣ್ಣು ತೆರೆಯಲಿಲ್ಲ. ಸೋಪು ಒಣಗುತ್ತಿತ್ತು.

“ಮತ್ತ?”

“ನೀವು ಚಾಕ್ಕ ಹೋದಾಗ ಸ್ಕ್ರೂ ತಿರುವಿದೆ.”

“ಎಷ್ಟು?”

“ಮುಕ್ಕಾಲು ಸುತ್ತು.”

“ಕೆಳಗ.”

“ಹೂಂ. ಕೆಳಗ.”

ಅವರ ತುಟಿ ಅಲುಗಾಡಿತು. ಲೆಕ್ಕ ಹಾಕುತ್ತಿದ್ದಾರೆ ಎಂದು ಗೊತ್ತಾಯಿತು. ಕಾರ್ಖಾನೆಯಲ್ಲಿ ಕೆಟ್ಟ ತುಂಡನ್ನು ಕೈಗೆ ಕೊಟ್ಟಾಗಲೂ ಅವರು ಹಾಗೆಯೇ ಮಾಡುತ್ತಿದ್ದರಂತೆ, ಬೈಯುವ ಮೊದಲು ಎಷ್ಟು ತಪ್ಪಿದೆ ಎಂದು ನೋಡುವುದು.

“ನಾ ಗಿಡ್ಡ ಅಂದಿದ್ದೆ” ಎಂದರು.

“ಅಂದಿದ್ರಿ. ನಿಮ್ಮ ಕೈ ಖರೇನ ಹೇಳಿತ್ತು.”

ಬಲಗೈಯನ್ನು ಮಡಚಿ ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಮೆಲ್ಲಗೆ ಆಡಿಸಿದರು. ಒಂದು ಕ್ಷಣ ನನಗೆ ಎಲ್ಲ ಸರಿಯಾಯಿತು ಎನ್ನಿಸಿತು. ಆಮೇಲೆ ಕೇಳಿದರು, “ಅವತ್ತೊಂದ ದಿನಾನ, ಏನ ಮದಲಿಂದನೂ?”

ಅವತ್ತೊಂದೇ ದಿನ ಎಂದುಬಿಡಬಹುದಿತ್ತು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

“ಖಂಡೆಪೂಜಿ ಆದಮ್ಯಾಲಿಂದ.”

“ಅಂದ್ರ ಫ್ರಿಜ್ ಮ್ಯಾಲಿನ ಕಾರ್ಡು?”

“ತೋಟಾ ನಾ ಸರಿಮಾಡಿದ್ದು. ಹೊಡದಾವ್ರು ನೀವ ಅಲ್ರೀ?”

“ಹೊಡ್ಯೂದು ಯಾರರ ಹೊಡೀತಾರ” ಎಂದರು.

ಬೈಯಲಿಲ್ಲ. ಗೋಡೆ ಒದೆಯಲೂ ಇಲ್ಲ. ಕಣ್ಣು ತೆರೆದು, ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು, ಕನ್ನಡಿಯ ಮುಂದೆ ಹೋಗಿ ಉಳಿದರ್ಧ ಗಡ್ಡವನ್ನು ತಾವೇ ಕೆರೆದುಕೊಂಡರು. ನೀರಿನಲ್ಲಿ ರಕ್ತ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಅಂದಿನಿಂದ ಕೊನೆಯವರೆಗೂ ತಾವೇ ಗಡ್ಡ ಕೆರೆದುಕೊಂಡರು. ಕನ್ನಡಿಯಲ್ಲಿ ಏನೂ ಕಾಣದು, ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ. ಗಾಯವಾದರೆ ಕಾಗದದ ಚೂರು ಅಂಟಿಸಿಕೊಳ್ಳುವರು. ಚಿಕ್ಕವಳ ಮೊದಲ ಹುಟ್ಟುಹಬ್ಬಕ್ಕೂ ಹಾಗೆಯೇ ಬಂದು ಕೂತರು, ಫೋಟೊ ಅಂದಿನದು. ನಲ್ಲಿ ರಿಪೇರಿ ಮಾಡಿದರು. ಕಿತ್ತಳೆ ಸುಲಿದು ದೊಡ್ಡವನಿಗೆ ಕೊಟ್ಟರು. “ಅಪ್ಪ ಎಷ್ಟು ಚೇಂಜ್ ಆಗಿದ್ದಾರೆ ನೋಡಿದ್ಯಾ ಅವ್ವಾ” ಎಂದು ನಿಮ್ಮ ಅಮ್ಮ ಖುಷಿಪಟ್ಟಳು.

ಬದಲಾದದ್ದು ಇನ್ನೊಂದೂ ಇತ್ತು, ಅದು ಅವಳಿಗೆ ಕಾಣಲಿಲ್ಲ. ಬಾಗಿಲು ಹಾಕಿದೆ ಎಂದು ನಾನು ಹೇಳಿದರೆ ಅವರು ಎದ್ದು ಹೋಗಿ ಚಿಲಕ ಮುಟ್ಟಿ ಬರುತ್ತಿದ್ದರು. ಗುಳಿಗೆಗಳನ್ನು ಕೈಗಿಟ್ಟರೆ ಒಂದೊಂದನ್ನೇ ಹೆಬ್ಬೆರಳಲ್ಲಿ ಉರುಳಿಸಿ ನೋಡಿ ನುಂಗುತ್ತಿದ್ದರು. ಸಾರಿಗೆ ಉಪ್ಪು ಹಾಕಿದೆ ಎಂದರೆ ಹೂಂ ಎಂದರೂ ಮೊದಲು ಬೆರಳದ್ದಿ ನೆಕ್ಕಿ ನೋಡುವರು. ಸಿಟ್ಟಿನಿಂದಲ್ಲ, ಚುಚ್ಚಬೇಕೆಂದೂ ಅಲ್ಲ. ಅಳತೆ ತಪ್ಪುತ್ತದೆ ಎಂದು ಗೊತ್ತಾದ ಉಪಕರಣವನ್ನು ಯಾವ ಕೆಲಸಗಾರನೂ ಮತ್ತೆ ಸುಮ್ಮನೆ ನಂಬುವುದಿಲ್ಲವಲ್ಲ, ಹಾಗೆ. ಸ್ಖೂರ್‌ನ ಮೇಜನ್ನು ಬಿಚ್ಚಿದಾಗ, “ನೀ ಅಲ್ಲೇ ಕೂಡು” ಎಂದು ನನ್ನನ್ನು ಹೊರಗೇ ಕೂರಿಸಿದರು.

ಎರಡು ವರ್ಷ ಹಾಗೆ ಬದುಕಿದೆವು. ಕೊನೆಯ ವಾರ ಆಸ್ಪತ್ರೆಯಲ್ಲಿ ಅವರಿಗೆ ದೂರದ್ದೂ ಕಾಣುತ್ತಿರಲಿಲ್ಲ. ಮಂಚ ಕಿಟಕಿಯ ಪಕ್ಕದಲ್ಲಿತ್ತು. ಬೆಳಿಗ್ಗೆಯಿಂದ ಮಳೆ ಬಡಿಯುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಸದ್ದು ಕಡಿಮೆಯಾಯಿತು.

“ಮಳಿ ನಿಂತೈತೇನು?” ಎಂದು ಕೇಳಿದರು.

“ನಿಂತೈತ್ರಿ” ಎಂದೆ. ನಿಂತಿತ್ತು. ಅಂಗಳದ ಇಟ್ಟಿಗೆಗಳ ಮೇಲೆ ಬಿಸಿಲು ಬಿದ್ದಿತ್ತು.

ಅವರು ತಲೆಯನ್ನು ಆ ಕಡೆ ತಿರುಗಿಸಿ, ಟ್ಯೂಬು ಬದಲಿಸುತ್ತಿದ್ದ ನರ್ಸಿಗೆ ಡಚ್‌ನಲ್ಲಿ ಅದನ್ನೇ ಕೇಳಿದರು. ಅವಳು ಕಿಟಕಿಯ ಕಡೆ ನೋಡಿ, ಹೌದು, ಈಗ ಮಳೆ ನಿಂತಿದೆ ಎಂದಳು. ಆಗ ಅವರು ತಲೆಯಾಡಿಸಿದರು.